ಕೀಳ್ ಬರ್ತು

ಗೋವಿಂದಮ್ಮನ ಹೊಟ್ಟೆಗೆ ಬೆಂಕಿ ಬಿದ್ದದ್ದು ಫೋನಿನಲ್ಲಿ ಬಂದ ಒಂದೇ ಒಂದು ಮಾತಿಗೆ.

ಹೊಸೂರಿನ ಹತ್ತಿರ ಬಾಗಲೂರು ಕಡೆಯ ಹಳ್ಳಿಯಲ್ಲಿ ನಡುಗೋಡೆ ಒಂದೇ ಆಗಿದ್ದ ಎರಡು ಮನೆ. ಒಂದರಲ್ಲಿ ಗೋವಿಂದಮ್ಮ, ಇನ್ನೊಂದರಲ್ಲಿ ಅವಳ ವಾರಗಿತ್ತಿ ಅಕ್ಕಯಮ್ಮ. ಗೋವಿಂದಮ್ಮನಿಗೆ ಮಕ್ಕಳಾಗಲಿಲ್ಲ. ಅಕ್ಕಯಮ್ಮ ಶಶಿರೇಖಾಳನ್ನು ಹೆತ್ತು ಜ್ವರ ಹಿಡಿದು ಮಲಗಿದಾಗ, ಹದಿನೆಂಟು ದಿನದ ಕೂಸನ್ನು ಮಡಿಲಿಗೆ ಹಾಕಿಕೊಂಡವಳು ಗೋವಿಂದಮ್ಮ. ಬತ್ತಿ ಅದ್ದಿ ಹಾಲು ಕುಡಿಸಿದಳು, ರಾಗಿ ಸರಿ ತಿನ್ನಿಸಿದಳು, ಟೊಮೇಟೊ ಬಿಡಿಸಲು ಹೋದರೂ ಸೊಂಟದ ಮೇಲೆ ಕೂಸು. ಆ ಕೂಸು ಮೊದಲು ‘ಅಮ್ಮ’ ಅಂದದ್ದು ಅವಳನ್ನೇ. ಅಕ್ಕಯಮ್ಮ ಎದ್ದು ಓಡಾಡುವ ಹಾಗಾದ ಮೇಲೆ ಮಗುವನ್ನು ಎದುರು ಕೂರಿಸಿಕೊಂಡು, “ಅಮ್ಮ ಅಲ್ಲ, ದೊಡ್ಡಮ್ಮ ಅನ್ನು” ಎಂದು ತಿದ್ದಿದಳು. ಇಪ್ಪತ್ತೇಳು ವರ್ಷವಾಯಿತು. ಅವತ್ತು ಅಕ್ಕಯಮ್ಮ ಉಟ್ಟಿದ್ದ ಸೀರೆಯ ಹಳದಿ ಅಂಚು ಗೋವಿಂದಮ್ಮನಿಗೆ ಇವತ್ತಿಗೂ ನೆನಪಿದೆ.

ಈಗ ಮಧುರೆಯಲ್ಲಿ ಶಶಿರೇಖಾಳ ಎರಡನೆಯ ಕೂಸಿಗೆ ತೊಟ್ಟಿಲ ಶಾಸ್ತ್ರ. ಕೂಸನ್ನು ಅವಳು ಮೊದಲು ಯಾರ ಮಡಿಲಿಗೆ ಕೊಡುತ್ತಾಳೋ ಎಂದು ಗೋವಿಂದಮ್ಮ ದಿನವೂ ಲೆಕ್ಕ ಹಾಕುತ್ತಿರುವಾಗಲೇ ಅಳಿಯ ಮುರಳಿಕೃಷ್ಣನ ಫೋನು ಅಕ್ಕಯಮ್ಮನಿಗೆ ಬಂತು; ಸ್ಪೀಕರಿನಲ್ಲಿ ಪಕ್ಕದಲ್ಲಿದ್ದವಳಿಗೂ ಕೇಳಿಸಿತು. ಅವನು ಮಧುರೆಯಲ್ಲೇ ಹುಟ್ಟಿ ಬೆಳೆದವನು. ಅವನ ಕನ್ನಡದಲ್ಲಿ ಅರ್ಧ ತಮಿಳು.

“ಅತ್ತೆ, ಹೊಸೂರಲ್ಲಿ ರೈಲು ಹತ್ಕೊಳ್ಳಿ. ನಿಮ್ಗೆ ಮೇಲ್ ಬರ್ತು, ದೊಡ್ಡತ್ತೆಗೆ ಕೀಳ್ ಬರ್ತು.”

ಗೋವಿಂದಮ್ಮ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡಿಕೊಂಡು ಬದುಕಿದವಳು. ರೈಲಿನ ಒಳಗೆ ಕಾಲಿಟ್ಟವಳೇ ಅಲ್ಲ; ಬರ್ತು ಅಂದರೆ ಮಲಗುವ ಜಾಗ ಎಂದಷ್ಟೇ ಕೇಳಿ ಗೊತ್ತು. ಹೆತ್ತವಳಿಗೆ ಮೇಲು, ಸಾಕಿದವಳಿಗೆ ಕೀಳು. ಶಶಿರೇಖಾ ಹೇಳದೆ ಅಳಿಯ ತಾನಾಗಿ ಹೀಗೆ ಮಾಡಿಯಾನೆ?

ನಾಲ್ಕು ದಿನ ಅವಳು ನಡುಗೋಡೆಯ ಆಚೆಗೆ ಮಾತೇ ಆಡಲಿಲ್ಲ.

“ಯಾಕಕ್ಕ, ಮಕ ಊದಿಸ್ಕೊಂಡಿದ್ದೀಯ?”

“ಕೀಳಾದೋರ ಮಕ ಹೆಂಗಿದ್ರೇನಮ್ಮ?”

ಅಕ್ಕಯಮ್ಮ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡಳು.

ಹೊರಡುವ ಸಂಜೆ ಅಕ್ಕಯಮ್ಮನ ಗಂಡ ಪಾಪಯ್ಯ ಇಬ್ಬರನ್ನೂ ಹೊಸೂರು ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಹೋದ. ಓಡಾಡುವ ದಾರಿಯ ಪಕ್ಕದಲ್ಲಿ, ಒಂದರ ಮೇಲೊಂದು, ಇವರ ಎರಡು ಮಂಚ. ಗೋವಿಂದಮ್ಮ ನೋಡಿದಳು. ಮೇಲಿನದು ಯಾರ ಕಾಲೂ ತಾಗದ ಎತ್ತರದಲ್ಲಿ, ದೇವರ ಗೂಡಿನ ಹಾಗಿದೆ. ಕೆಳಗಿನದಕ್ಕೆ ಹೋಗುವವರು ಬರುವವರೆಲ್ಲ ಚೀಲ ತಾಗಿಸಿಕೊಂಡು ಹೋಗುತ್ತಿದ್ದಾರೆ. ಕೀಳು ಅಂದದ್ದು ಸರಿಯೇ!

“ಮ್ಯಾಲೆ ನಾನು ಮಲಗ್ತೀನಿ” ಅಂದಳು.

“ನಿನ್ನ ಮಂಡಿನೋವು?”

“ನನ್ನ ಮಂಡಿ ಚಿಂತೆ ನಿಂಗ್ಯಾಕೆ?”

“ಹತ್ತಕ್ಕ, ಹತ್ತು. ನಾನ್ಯಾಕೆ ಬ್ಯಾಡ ಅನ್ಲಿ?”

ಎದುರು ಸೀಟಿನ ಇಬ್ಬರು ಕೆಳಗಿನಿಂದ ನೂಕಿ, ಅಕ್ಕಯಮ್ಮ ಹಿಮ್ಮಡಿ ಹಿಡಿದು, ಅಂತೂ ಮೂಟೆ ಏರಿಸಿದ ಹಾಗೆ ಏರಿಸಿದರು. ಏರಿದ ಮೇಲೆ ಗೊತ್ತಾಯಿತು: ಎದ್ದು ಕೂತರೆ ತಲೆ ತಗಲುತ್ತದೆ, ಕಿಟಕಿ ಇಲ್ಲ, ದೀಪ ಕಣ್ಣಿಗೇ ಚುಚ್ಚುತ್ತದೆ. ಕೆಳಗೆ ಅಕ್ಕಯಮ್ಮ ಕಾಲು ನೀಡಿ, ಗಾಳಿಗೆ ಸೆರಗು ಬಿಟ್ಟುಕೊಂಡು, ಕಿಟಕಿಯ ಪಕ್ಕ ಚಿತ್ರಾನ್ನದ ಗಂಟು ಬಿಚ್ಚಿದ್ದಳು. ಕೀಳಿನಲ್ಲೂ ಇವಳದ್ದೇ ಸುಖ! ಗೋವಿಂದಮ್ಮನಿಗೆ ಹಳೆಯ ಉರಿಯ ಮೇಲೆ ಹೊಸ ಉರಿ ಹತ್ತಿತು.

ಧರ್ಮಪುರಿ ದಾಟಿದ ಮೇಲೆ ಅಕ್ಕಯಮ್ಮನ ಫೋನು ಬಡಿದುಕೊಂಡಿತು. ಅವಳು ಎರಡು ಮಾತಾಡಿ, ಮುಖ ಗಂಟಿಕ್ಕಿ, ಫೋನನ್ನು ಮೇಲಕ್ಕೆ ಚಾಚಿದಳು. “ತಗೋ. ದೊಡ್ಡಮ್ಮನೇ ಬೇಕಂತೆ ಅವ್ಳಿಗೆ.”

“ದೊಡ್ಡಮ್ಮ, ಕಾಲು ನೀಡ್ಕೊಂಡು ಮಲಗಿದ್ದೀಯಾ?” ಶಶಿರೇಖಾಳ ದನಿ. “ನಿನ್ನ ಮಂಡಿ ನೆನೆಸ್ಕೊಂಡೇ ಇವ್ರತ್ರ ಹಟ ಹಿಡ್ದು ಕೀಳ್ ಬರ್ತು ಹಾಕ್ಸಿದ್ದು. ಅಮ್ಮ ಹೆಂಗೋ ಹತ್ತಿ ಮಲಗ್ತಾಳೆ.”

“ಕೀಳು ಹಾಕ್ಸಿದ್ದು ನೀನೇನಾ?”

“ಅಯ್ಯೋ, ತಮಿಳಲ್ಲಿ ಕೀಳ್ ಅಂದ್ರೆ ಕೆಳಗೆ ಅಂತ! ನೀನೇನು ಅಂದ್ಕೊಂಡೆ?”

ಗೋವಿಂದಮ್ಮ ಮಂಡಿ ನೀವಿಕೊಂಡಳು. “ಏನಿಲ್ಲ ಕಣವ್ವ. ಆರಾಮಾಗಿ ಮಲಗಿದ್ದೀನಿ.”

ಫೋನನ್ನು ಕೆಳಕ್ಕೆ ಕೊಟ್ಟು ಬಗ್ಗಿದಳು. “ಏನೇ ಅಕ್ಕಯಮ್ಮ, ಆ ಜಾಗ ನಂದಂತೆ. ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು. ಫೋನು ಬಂದ ದಿನಾನೇ ಹೇಳಿದ್ಲು.” ಅಕ್ಕಯಮ್ಮ ಕಿಟಕಿಯ ಕಡೆ ತಿರುಗಿಕೊಂಡಳು. “ನನ್ನ ಮಂಡಿ ಏನು ಕಬ್ಬಿಣದ್ದಾ? ಒಂದು ಮಾತು ಕೇಳಿದ್ಲಾ? ಹೆತ್ತೋಳು ಕಣಕ್ಕ ನಾನು.”

“ಅದ್ಕೇ ಬಾಯಿ ಬಿಡ್ಲಿಲ್ಲ?”

“ನೀನಾಗೇ ಹತ್ತಿದೆ. ನಾನ್ಯಾಕೆ ಬಾಯಿ ಬಿಡ್ಲಿ?” ಹೊದಿಕೆಯನ್ನು ತಲೆಯ ಮೇಲಕ್ಕೆ ಎಳೆದುಕೊಂಡಳು.

ಆ ದನಿಯಲ್ಲಿದ್ದದ್ದು ಏನೆಂದು ಗೋವಿಂದಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಉರಿಯನ್ನು ಇಪ್ಪತ್ತೇಳು ವರ್ಷ ಸಾಕಿದವಳು ಅವಳೇ. ಮಂಡಿ ಸಿಡಿಯುತ್ತಿತ್ತು, ಇಳಿಸು ಅಂತ ಕೇಳಲು ಬಾಯಿ ಬರಲಿಲ್ಲ. ಸೀರೆಯ ಸೆರಗನ್ನು ಸುತ್ತಿ ಮಂಡಿಯ ಕೆಳಗೆ ಕೊಟ್ಟುಕೊಂಡು, ಮೂಗಿಗೆ ತಾಗುವಷ್ಟು ಹತ್ತಿರವಿದ್ದ ಚಾವಣಿಯ ತಗಡನ್ನೇ ನೋಡುತ್ತಾ ನಕ್ಕಳು.

“ಅಕ್ಕಯಮ್ಮ, ಕೀಳಲ್ಲಿ ನಿದ್ದೆ ಚೆನ್ನಾಗಿ ಬತ್ತದಾ?”

ಕೆಳಗೆ ಅಕ್ಕಯಮ್ಮ ಹೊದಿಕೆಯೊಳಗೇ ಮಗ್ಗುಲು ಬದಲಿಸಿದಳು.