ಮುದಿ ಮಗನ ಮಾತ್ರೆ

ಬೆಳಗಾಗಿದೆ ಎಂದು ಗಡಿಯಾರ ಹೇಳುತ್ತಿದೆ, ಆಕಾಶ ಒಪ್ಪುತ್ತಿಲ್ಲ. ಉತ್ತರ ಧ್ರುವಕ್ಕೆ ಹತ್ತಿರದ ಬ್ಯಾಫಿನ್ ದ್ವೀಪದ ಈ ಹಳ್ಳಿಗೆ ಸೂರ್ಯ ಮುಖ ತೋರಿಸಲು ಇನ್ನೂ ಎರಡು ವಾರ ಬೇಕು. ನೌಯಾ ಹಿಮದ ಮೇಲೋಡುವ ತನ್ನ ಬಂಡಿಯನ್ನು ಅಂಗಡಿಯ ಹತ್ತಿರವೇ ಬಿಟ್ಟು ನಡೆಯುತ್ತಾಳೆ. ಅದು ಯಾರ ಮನೆ ಮುಂದೆ ನಿಂತರೂ ಆ ಮನೆಯಲ್ಲಿ ಕ್ಷಯ ಇದೆಯೆಂದು ಮಧ್ಯಾಹ್ನದೊಳಗೆ ಊರಿಗೆಲ್ಲ ಡಂಗುರ. ಅದಕ್ಕಿಂತ ಚುಚ್ಚುವ ಗಾಳಿಗೆ ಮುಖವೊಡ್ಡಿ ನಡೆಯುವುದೇ ವಾಸಿ.

ಆರೋಗ್ಯ ಕೇಂದ್ರದ ಮಾತ್ರೆಗಳನ್ನು ಮನೆಮನೆಗೆ ಒಯ್ದು, ರೋಗಿ ನುಂಗುವುದನ್ನು ಕಣ್ಣಾರೆ ನೋಡಿ ಬರುವುದು ಅವಳ ಕೆಲಸ. ಈ ಚಳಿಗಾಲಕ್ಕೆ ಒಂಬತ್ತು ಮನೆ. ಒಂದೊಂದು ಮನೆಯಲ್ಲೂ ಹತ್ತು ಹನ್ನೆರಡು ಜನ, ಕಿಟಕಿ ತೆರೆಯಲಾಗದ ಚಳಿ. ಒಬ್ಬರು ಕೆಮ್ಮಿದ ಗಾಳಿಯನ್ನೇ ಎಲ್ಲರೂ ಉಸಿರಾಡಬೇಕು. ಕ್ಷಯಕ್ಕೆ ಇನ್ನೇನು ಬೇಕು? ಆದರೂ ಜನಕ್ಕೆ ಭಯವೆಲ್ಲ ತಟ್ಟೆ ಲೋಟದ ಮೇಲೆ. ಕಡಲಿನ ಸೀಲ್ ಪ್ರಾಣಿ ಬೇಟೆಯಾದ ದಿನ ನೆಲಕ್ಕೆ ರಟ್ಟು ಹಾಸಿ, ಸುತ್ತ ಕೂತು, ಮಾಂಸ ಕೊಯ್ದು ತಿನ್ನುತ್ತಾರೆ. ನೌಯಾಳ ಪಾಲನ್ನು ಮಾತ್ರ ಚೀಲಕ್ಕೆ ಹಾಕಿ ಬಾಗಿಲಲ್ಲೇ ಕೊಟ್ಟುಬಿಡುತ್ತಾರೆ.

"ತಟ್ಟೆಯಿಂದ ಬರಲ್ಲ, ಗಾಳಿಯಿಂದ ಬರೋದು ಅಂತ ಹೇಳಿ ಹೇಳಿ ನಾಲಿಗೆ ಸವೀತು," ಎಂದು ಜೊತೆಗೆ ನಡೆಯುತ್ತಿರುವ ನನಗೆ ಹೇಳುತ್ತಾಳೆ. "ನಂಗೆ ರೋಗಾನೇ ಇಲ್ಲ. ಆದ್ರೂ ಒಬ್ಬಳೇ ತಿಂತೀನಿ. ಮಾಂಸ ಅದೇ, ರುಚಿ ಮಾತ್ರ ಇಲ್ಲ."

ಇವತ್ತು ಅವಳ ಎದೆ ಭಾರ. ಕೊನೆಯ ಮನೆಯ ಮುದುಕ ಜೋಸೀಪಿ ಮೂರು ದಿನದಿಂದ ಬಾಗಿಲು ತೆಗೆದಿಲ್ಲ. ಎರಡು ತಿಂಗಳು ಮಾತ್ರೆ ನುಂಗಿ, ಕೆಮ್ಮು ನಿಂತಕೂಡಲೇ ಸಾಕೆಂದುಬಿಟ್ಟಿದ್ದಾನೆ. ಅರ್ಧಕ್ಕೆ ಬಿಟ್ಟರೆ ರೋಗ ಮದ್ದಿಗೆ ಬಗ್ಗದಂತೆ ತಿರುಗಿಬೀಳಬಹುದು. ಆಮೇಲೆ ವಿಮಾನ ಹತ್ತಿಸಿ ದಕ್ಷಿಣದ ಆಸ್ಪತ್ರೆಗೆ ಕಳಿಸಬೇಕು. ಸಾವಿಗಿಂತ ಅವನಿಗೆ ಆ ಆಸ್ಪತ್ರೆಯ ಭಯವೇ ಹೆಚ್ಚು. ಅವನು ಐದು ವರ್ಷದವನಿದ್ದಾಗ ಇದೇ ರೋಗಕ್ಕೆಂದು ಅವನ ತಾಯಿಯನ್ನು ಹಡಗು ಹತ್ತಿಸಿ ಅಲ್ಲಿಗೆ ಒಯ್ದರು. ಅವಳು ಮರಳಲಿಲ್ಲ; ಎಲ್ಲಿ ಹೂತರೆಂದೂ ಯಾರೂ ಹೇಳಲಿಲ್ಲ.

ಆ ತಾಯಿಯ ಹೆಸರೂ ನೌಯಾ. ಸತ್ತವರ ಹೆಸರು ಹೊತ್ತ ಮಗು ಇಲ್ಲಿ ಮರಳಿ ಬಂದ ಅವರೇ. ಹಾಗಾಗಿ ಇವಳು ಮೊಲೆ ಕುಡಿಯುವ ಕೂಸಾಗಿದ್ದಾಗಿನಿಂದ ಜೋಸೀಪಿ ಇವಳನ್ನು ಅಮ್ಮ ಎಂದೇ ಕರೆದ, ಬೇಟೆಯಲ್ಲಿ ಒಳ್ಳೆಯ ಪಾಲು ತಂದಿಟ್ಟ. ಮಾತ್ರೆಯ ಚೀಲ ಅವಳ ಹೆಗಲೇರಿದ ಮೇಲೆ ಆ ಕರೆ ನಿಂತಿದೆ. ಊರೆಲ್ಲ ದೂರವಿಟ್ಟಿದ್ದಕ್ಕಿಂತ ಅದೊಂದೇ ಅವಳನ್ನು ಹೆಚ್ಚು ಕೊರೆಯುತ್ತದೆ.

"ಬಂದ್ಲು ಮಾತ್ರೆಯವಳು! ಹೋಗು ಹೋಗು, ನಾನು ಗುಂಡುಕಲ್ಲಿನ ಹಾಗಿದ್ದೀನಿ," ಎಂದು ಬಾಗಿಲು ತಟ್ಟಿದವಳನ್ನು ಒಳಗಿನಿಂದ ಮುದುಕ ಗದರುತ್ತಾನೆ.

"ಕೆಮ್ಮು ನಿಂತಿದೆ ಅಜ್ಜ, ರೋಗ ಮಲಗಿದೆ ಅಷ್ಟೇ. ಎದ್ರೆ ದಕ್ಷಿಣಕ್ಕೆ ಕಳಿಸ್ತಾರೆ."

"ಅಲ್ಲಿಗೆ ಹೋದ ನಮ್ಮಮ್ಮ ಬರ್ಲೇ ಇಲ್ಲ!"

ನೌಯಾಗೆ ಎಲ್ಲಿಂದಲೋ ಸಿಟ್ಟು ನುಗ್ಗಿ ಬರುತ್ತದೆ. "ಬಂದಿದ್ದೀನಲ್ಲೋ! ಹೊರಗೆ ನಿಂತು ಮರಗಟ್ತಿದ್ದೀನಿ. ಬಾಗಿಲು ತೆಗಿ ಮಗನೇ. ಬಾಯೂ ತೆಗಿ!"

ಒಳಗೆ ಹೆಜ್ಜೆ ಎಳೆಯುವ ಸದ್ದು. ಆಮೇಲೆ ಚಿಲಕ ಸರಿಯುತ್ತದೆ. ಎಪ್ಪತ್ತು ಎಂದೋ ದಾಟಿದವನು ನಲವತ್ತರವಳ ಮುಂದೆ ಕೂತು ಒಂದೊಂದೇ ಮಾತ್ರೆ ನುಂಗುತ್ತಾನೆ. "ಕಹಿ, ಅಮ್ಮ," ಎಂದು ಮುಖ ಕಿವುಚುತ್ತಾನೆ.

ಮರಳುವಾಗ ಏನಾಸೆ ಎಂದು ನಾನು ಕೇಳಿದರೆ ರೆಪ್ಪೆಗೆ ಕಟ್ಟಿದ ಹಿಮ ಒರೆಸಿಕೊಂಡು ಹೇಳುತ್ತಾಳೆ: "ದೊಡ್ಡ ಆಸೆ ಏನಿಲ್ಲ. ಚಿಕ್ಕೋನಿದ್ದಾಗ ಬಿಟ್ಟು ಹೋದೆ, ಸಾಕೋಕಾಗ್ಲಿಲ್ಲ. ಮುದುಕನಾದ್ಮೇಲಾದ್ರೂ ಉಳಿಸ್ಕೋಬೇಕು."