ಕೈ ಬಿಟ್ಟ ಮೇಲೆ ತಿರುಗಿದ ಎಂಜಿನ್

ಈ ಘಟನೆ ಕೇಳಿದವರೆಲ್ಲ ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾರೆ. ಸ್ಪ್ಯಾನರ್ ಯಾರ ಕೈಯಲ್ಲಿತ್ತು? ಅದಕ್ಕೇ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ. ನಾನು ಅಲ್ಲೇ ಇದ್ದೆ. ನನ್ನ ಬಾಯಲ್ಲಿ ಈಗಲೂ ಎರಡು ಹಲ್ಲಿಲ್ಲ.

ಎರಡು ಸಾವಿರದ ಐದರ ಸುಮಾರು. ಮೈಸೂರು ರಸ್ತೆಯಲ್ಲಿ ಇನ್ನೂ ಮೆಟ್ರೋ ಕಂಬಗಳು ಎದ್ದಿರಲಿಲ್ಲ. ನಾಯಂಡಹಳ್ಳಿಯ ಗೋದಾಮುಗಳ ಹಿಂದೆ ನಮ್ಮ ತಗಡಿನ ಶೆಡ್ಡು. ಮೆಕ್ಯಾನಿಕ್ ರುದ್ರಣ್ಣನಿಗೆ ಐವತ್ತು ದಾಟಿತ್ತು. ನಾನು ಒಂಬತ್ತು ವರ್ಷದಿಂದ ಅವರ ಜೊತೆಗಿದ್ದೆ. ಹಳೇ ಕಾರುಗಳ ಎಂಜಿನ್ ಬಿಚ್ಚಿ ಕಟ್ಟುವುದೇ ನಮ್ಮ ಕೆಲಸ.

ಆಗ ಕೈಯಲ್ಲಿದ್ದದ್ದು ಬಸವೇಶ್ವರನಗರದ ಡಾಕ್ಟರೊಬ್ಬರ ಅರವತ್ತರ ದಶಕದ ಕಾರು. ಅದರ ಎಂಜಿನ್ ಬಿರುಕು ಬಿಟ್ಟಿದ್ದರಿಂದ ಬಿನ್ನಿಪೇಟೆಯ ಗುಜರಿಯಿಂದ ಬೇರೊಂದು ತಂದಿದ್ದೆವು.

"ಯಾವ ಗಾಡೀದಪ್ಪ ಇದು?" ಎಂದು ರುದ್ರಣ್ಣ ಕೇಳಿದ್ದರು.

"ಗಾಡಿ ಎಲ್ಲಿ ಬಂತು ಅಣ್ಣ, ಎಂಜಿನ್ ಒಂದೇ ಉಳ್ಕೊಂಡಿದ್ದು," ಎಂದಿದ್ದ ಗುಜರಿಯವನು. ನಾವು ಹೆಚ್ಚಿಗೆ ಕೇಳಲಿಲ್ಲ.

ಆ ರಾತ್ರಿ ಎಂಟರ ಹೊತ್ತಿಗೆ ಟೈಮಿಂಗ್ ಕೂರಿಸುತ್ತಿದ್ದೆವು. ಕೆಳಗೆ ಪಿಸ್ಟನ್ನುಗಳನ್ನು ಆಡಿಸುವ ಕ್ರ್ಯಾಂಕ್ ಶಾಫ್ಟಿನ ಹಲ್ಲುಚಕ್ರ, ಮೇಲೆ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟಿನದು, ಎರಡಕ್ಕೂ ಒಂದೇ ಚೈನು. ಕೆಳಗಿನ ಚಕ್ರದ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗಿಸುವುದು ನನ್ನ ಪಾಲಿನ ಕೆಲಸ. ಎರಡು ಚಕ್ರಗಳ ಚುಕ್ಕೆಗಳು ಎದುರುಬದುರು ನಿಲ್ಲಬೇಕು. ಒಂದು ಹಲ್ಲು ತಪ್ಪಿದರೂ ಎಂಜಿನ್ ಸರಿಯಾಗಿ ಓಡುವುದಿಲ್ಲ.

ರುದ್ರಣ್ಣ ಬರೀ ಚುಕ್ಕೆಗಳನ್ನು ನಂಬುತ್ತಿರಲಿಲ್ಲ. ಕೊನೆಯಲ್ಲಿ ಚೈನು ಮತ್ತು ಮೇಲಿನ ಚಕ್ರದ ನಡುವೆ ಎರಡು ಬೆರಳು ತೂರಿಸಿ ಬಿಗಿ ನೋಡುತ್ತಿದ್ದರು. ಬೇರೆ ಯಾವ ಮೆಕ್ಯಾನಿಕ್ಕೂ ಹಾಗೆ ಮಾಡುವುದಿಲ್ಲ. ಅದಕ್ಕೇ ಅವರದೊಂದು ಕಟ್ಟುನಿಟ್ಟಿನ ನಿಯಮ ಇತ್ತು. ಅವರು "ಬಿಡು" ಎಂದಾಗ ನಾನು ಸ್ಪ್ಯಾನರನ್ನು ಬೋಲ್ಟಿನಲ್ಲೇ ಬಿಟ್ಟು, "ಬಿಟ್ಟೆ" ಎಂದು ಎರಡೂ ಅಂಗೈಗಳನ್ನು ಬಲ್ಬಿನ ಬೆಳಕಿಗೆ ಎತ್ತಬೇಕು. ಕಣ್ಣಾರೆ ನೋಡಿದ ಮೇಲೆಯೇ ಬೆರಳು ಒಳಗೆ.

ಇನ್ನೊಂದು ವಿಷಯ ಹೇಳಲೇಬೇಕು. ಬ್ಯಾಟರಿ ಇರಲಿಲ್ಲ. ಪೆಟ್ರೋಲ್ ಇರಲಿಲ್ಲ. ಕೆಲವೊಮ್ಮೆ ವಾಲ್ವ್ ಸ್ಪ್ರಿಂಗುಗಳ ಒತ್ತಡಕ್ಕೆ ಕ್ಯಾಮ್ ತಾನಾಗಿ ಸ್ವಲ್ಪ ಜಾರುವುದುಂಟು. ಆದರೆ ವಾಲ್ವುಗಳಿರುವ ಹೆಡ್ಡನ್ನೇ ನಾವಿನ್ನೂ ಕೂರಿಸಿರಲಿಲ್ಲ. ಹೊಸ ಪಿಸ್ಟನ್ ರಿಂಗುಗಳ ಬಿಗಿಗೆ ಎಂಜಿನ್ ಎಷ್ಟು ಗಟ್ಟಿಯಾಗಿತ್ತೆಂದರೆ, ಸ್ಪ್ಯಾನರಿನ ಹಿಡಿಗೆ ಎರಡಡಿ ಪೈಪು ಸಿಕ್ಕಿಸಿ ಮೈಭಾರ ಹಾಕಿ ತಿರುಗಿಸುತ್ತಿದ್ದೆ.

ಚುಕ್ಕೆಗಳು ಎದುರಾದವು.

"ಬಿಡು."

"ಬಿಟ್ಟೆ." ಕೈ ಎತ್ತಿದೆ.

"ಪೊಲೀಸ್ನೋರಿಗೆ ಸಿಕ್ಕಿಬಿದ್ದೋನ ಹಂಗೆ ನಿಂತಿದೀಯಲ್ಲೋ," ಎಂದು ನಕ್ಕರು. ಪ್ರತಿ ಸಲವೂ ಇದೇ ಮಾತು. ಆಮೇಲೆ ಮೂಗು ಅರಳಿಸಿದರು. "ಏನೋ ಅದು, ಆಯಿಲ್ ಸುಟ್ಟ ವಾಸನೆ?"

ನನಗೂ ಬಂದಿತ್ತು... ಬಹಳ ದೂರ ಓಡಿ ಬಂದ ಎಂಜಿನ್ನಿನ ಬಿಸಿ ಆಯಿಲ್ ವಾಸನೆ. ನಾವು ಆಯಿಲ್ಲೇ ಹಾಕಿರಲಿಲ್ಲ.

"ರೋಡಿಂದ ಬರ್ತಿರ್ಬೇಕು ಅಣ್ಣ."

ಅವರು ಬೆರಳು ತೂರಿಸಿದರು. ನನ್ನ ಕೈಗಳು ಇನ್ನೂ ಮೇಲೇ ಇದ್ದವು.

ಪೈಪಿನ ತುದಿ ನೆಲದ ಕಡೆಗಿತ್ತು. ತನ್ನ ಭಾರಕ್ಕೆ ಅದು ಕೆಳಕ್ಕೇ ಜಾರಬೇಕು. ಅದು ಮೇಲಕ್ಕೆ ಬಂತು. ಬಂದದ್ದನ್ನು ನಾನು ನೋಡಿದೆ, ಆದರೆ ತಲೆ ತಿರುಗಿಸುವಷ್ಟು ಹೊತ್ತು ಸಿಗಲಿಲ್ಲ. ದವಡೆಗೆ ಬಡಿಯಿತು. ಹಲ್ಲು ಮುರಿದದ್ದು ಕಿವಿಯೊಳಗೇ ಕೇಳಿಸಿತು.

ರುದ್ರಣ್ಣ ಕೂಗಲಿಲ್ಲ. ಕಬ್ಬಿನ ಜಲ್ಲೆಯನ್ನು ಗಾಣಕ್ಕೆ ಕೊಟ್ಟಾಗ ಬರುವಂಥ ಸದ್ದೊಂದೇ ಬಂತು.

ಎಂಜಿನ್ ನಿಂತಿತು... ಮತ್ತೆ ಎಳೆಯಿತು. ನಾನು ಪೈಪಿಗೆ ಬಿದ್ದು ಎರಡೂ ಕೈಯಲ್ಲಿ ಹಿಡಿದು ನೇತಾಡಿದೆ. ಅದು ನನ್ನನ್ನೂ ಎತ್ತಿತು. ಚಪ್ಪಲಿ ನೆಲ ಬಿಟ್ಟದ್ದು ಚೆನ್ನಾಗಿ ನೆನಪಿದೆ. ಒಟ್ಟು ಮೂರು ಸಲ ಎಳೆಯಿತು. ಒಂದೊಂದು ಎಳೆತದ ನಡುವೆ ಒಂದಿಷ್ಟು ಬಿಡುವು, ಯಾರೋ ಹಿಡಿ ಬದಲಿಸಿಕೊಂಡ ಹಾಗೆ. ರುದ್ರಣ್ಣನ ಎದೆ ಎಂಜಿನ್ನಿಗೆ ಅಂಟಿಕೊಂಡಿತ್ತು. ರಕ್ತ ಚೈನಿನುದ್ದಕ್ಕೂ ಇಳಿಯುತ್ತಿತ್ತು, ಅವರ ಮೊಣಕೈಯಿಂದಲೂ ತೊಟ್ಟಿಕ್ಕುತ್ತಿತ್ತು.

ಆಮೇಲೆ ಎಲ್ಲ ನಿಂತುಹೋಯಿತು. ಪೈಪಿಗೆ ಎಷ್ಟು ಜೋತುಬಿದ್ದರೂ ಎಂಜಿನ್ ಹಿಂದಕ್ಕೆ ಕದಲಲಿಲ್ಲ.

"ಕ್ಯಾಮ್ ಚಕ್ರದ ಬೋಲ್ಟ್ ಬಿಚ್ಚೋ," ಎಂದರು ರುದ್ರಣ್ಣ. ಧ್ವನಿ ತೀರಾ ಸಣ್ಣಗಿತ್ತು. "ಹದಿನೇಳರ ಸ್ಪ್ಯಾನರ್ ತಗೋ... ಹದಿಮೂರಲ್ಲ, ಹದಿನೇಳು."

"ಅಣ್ಣ, ಯಾರನ್ನಾದ್ರೂ ಕರೀತೀನಿ..."

"ನನ್ನ ಮುಖ ನೋಡ್ಬೇಡ. ಬೋಲ್ಟ್ ನೋಡು."

ಚಕ್ರ ಕಳಚಿದಾಗ ಅವರ ತೋರುಬೆರಳು ಚರ್ಮದಲ್ಲಿ ನೇತಾಡುತ್ತಾ ಹೊರಗೆ ಬಂತು. ನಡುಬೆರಳು ಚೈನಿನಲ್ಲೇ ಉಳಿಯಿತು. ಅದನ್ನು ಬಿಡಿಸುವಾಗ ಆಸರೆಗೆ ಎಂಜಿನ್ ಮೇಲೆ ಅಂಗೈ ಊರಿದೆ. ಕಬ್ಬಿಣ ಬೆಚ್ಚಗಿತ್ತು. ಸುಡುವಷ್ಟಲ್ಲ. ಜ್ವರ ಬಂದವರ ಹಣೆಯಷ್ಟು.

ಬೆರಳುಗಳನ್ನು ಮತ್ತೆ ಕೂಡಿಸಲು ಆಗಲಿಲ್ಲ. ಆಸ್ಪತ್ರೆಯಲ್ಲಿ ಅವರ ಹೆಂಡತಿ ಜಯಕ್ಕ ನನ್ನ ಊದಿದ ಮುಖವನ್ನೇ ನೋಡುತ್ತಾ, "ಒಂದು ಕ್ಷಣ ತಡೆದಿದ್ರೆ ಆಗ್ತಿರ್ಲಿಲ್ವೇನಪ್ಪ?" ಎಂದರು.

"ಅವನ ಕೈ ಮೇಲಿತ್ತು ಕಣೇ. ನಾನು ನೋಡಿದೀನಿ," ಎಂದರು ರುದ್ರಣ್ಣ. ಜಯಕ್ಕ ನಂಬಲಿಲ್ಲ. ನಾಯಂಡಹಳ್ಳಿಯಲ್ಲೂ ಯಾರೂ ನಂಬಲಿಲ್ಲ. ಶೆಡ್ಡು ಮುಚ್ಚಿತು. ಡಾಕ್ಟರು ಎಂಜಿನ್ನನ್ನು ಬೇರೆ ಕಡೆ ಕಟ್ಟಿಸಿದರು. ಆ ಕಾರನ್ನು ವಿಜಯನಗರದಲ್ಲಿ ಎರಡು ಸಲ ನೋಡಿದ್ದೇನೆ. ಬಹಳ ನಯವಾಗಿ ಓಡುತ್ತದೆ.

ಮೂರು ವರ್ಷದ ಮೇಲೆ ರುದ್ರಣ್ಣ ನನ್ನನ್ನು ಹೊಸಹಳ್ಳಿಯ ಮನೆಗೆ ಕರೆಸಿಕೊಂಡರು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ಮಲಗಿದ ತಕ್ಷಣ ಎಳೆಯುತ್ತೆ ಕಣೋ. ಇಲ್ಲದಿರೋ ಬೆರಳು ಹಿಡ್ಕೊಂಡು ಎಳೆಯುತ್ತೆ." ಬೆರಳಿಲ್ಲದ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. "ನೀನೇ ತಿರುಗಿಸಿದ್ದು ಅಂತ ಒಂದ್ಸಲ ಹೇಳ್ಬಿಡು. ನಾನು ಬೈಯಲ್ಲ. ಮನುಷ್ಯ ಮಾಡಿದ್ದು ಅಂತಾದ್ರೆ ನಂಗೆ ನಿದ್ದೆ ಬರುತ್ತೆ."

ಅಡುಗೆಮನೆಯಲ್ಲಿ ಜಯಕ್ಕನ ಪಾತ್ರೆಯ ಸದ್ದು ನಿಂತಿತು. ಅವರೂ ಕಾಯುತ್ತಿದ್ದರು.

"ನಾನೇ ತಿರುಗಿಸಿದೆ ಅಣ್ಣ," ಎಂದೆ.

ರುದ್ರಣ್ಣ ತಲೆಯಾಡಿಸಿದರು. ಕಾಫಿ ಬಂತು, ಕುಡಿದೆವು. ಗೇಟಿನವರೆಗೂ ನನ್ನ ಜೊತೆ ಬಂದರು. ಅಲ್ಲಿ ಜಯಕ್ಕನಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದರು:

"ಮತ್ತೆ, ನೀನು ಪೈಪಿಗೆ ನೇತಾಡ್ತಿದ್ದಾಗ ಆ ಕಡೆಯಿಂದ ಎಳೀತಿದ್ದೋನು ಯಾರೋ?"

ನಾನು ಗೇಟು ಎಳೆದುಕೊಂಡು ಬಂದೆ. ಆಮೇಲೆ ಆ ಮನೆಗೆ ಹೋಗಿಲ್ಲ.