ಕರಡಿಗೆ ಹಿಡಿದವನು

ಮೊದಲು ಮಲ ಕಪ್ಪಾಯಿತು. ಮೂರು ದಿನ ಯಾರಿಗೂ ಹೇಳಲಿಲ್ಲ. ಇಪ್ಪತ್ತೆರಡು ವರ್ಷ ಹುನಗುಂದದ ಶಾಲೆಯಲ್ಲಿ ಕಲಿಸಿ, ಹೊಟ್ಟೆಯ ಉರಿ ತಾಳಲಾರದೆ ಅವಧಿಗೆ ಮುನ್ನವೇ ನಿವೃತ್ತನಾದವನು ನಾನು; ಉರಿಗೆ ಒಗ್ಗಿಹೋಗಿದ್ದೆ. ನಾಲ್ಕನೆಯ ಬೆಳಿಗ್ಗೆ ಹಿತ್ತಲಿನಲ್ಲಿ ರಕ್ತ ವಾಂತಿಯಾಯಿತು. ಹೆಂಡತಿ ಗೌರವ್ವ ನೆರೆಯವರ ಜೀಪಿನಲ್ಲಿ ಬಾಗಲಕೋಟೆಗೆ ಕರೆತಂದಳು.

"ಅಲ್ಸರ್ ಒಡದೈತ್ರಿ ಮಾಸ್ತರ. ಈಗಿಂದೀಗ ಆಪರೇಶನ್ ಆಗಬೇಕು. ರಕ್ತ ಕೊಡವ್ರು ಯಾರದಾರ?" ಎಂದರು ಡಾಕ್ಟರು.

ನಾನು ಗೋಡೆಯತ್ತ ಮುಖ ತಿರುಗಿಸಿದೆ.

"ಮಗ ಅದಾನ್ರಿ, ಇದ ಊರಾಗ," ಎಂದಳು ಗೌರವ್ವ. ಅವನ ವಿಳಾಸ ಅವಳಿಗೆ ಕಂಠಪಾಠವಾಗಿತ್ತೆಂಬುದು ಅಂದು ತಿಳಿಯಿತು.

ಎರಡು ವರ್ಷಗಳ ಹಿಂದೆ ನಾನು ಹೆಣ್ಣು ಗೊತ್ತುಮಾಡಿದಾಗ ಮಹಾಂತೇಶ ನೇರವಾಗಿ ಹೇಳಿದ್ದ: "ಲಗ್ನ ಬ್ಯಾಡ್ರಿ ಅಪ್ಪಾ. ನಾನೂ ಬೀರಪ್ಪನೂ ಕೂಡೇ ಬಾಳೇವು ಮಾಡ್ತೇವಿ." ಸುದ್ದಿ ನಮ್ಮ ಮನೆತನದ ಗುರುಗಳಾದ ಅಯ್ಯನವರಿಗೆ ಮುಟ್ಟಿತು. ಮನೆಯ ಪೂಜೆಯಲ್ಲಿ ಪಾದೋದಕ ಕೊಡುತ್ತ ಬಂದವರು ಅವನ ಮುಂದೆ ಕೈ ಹಿಂತೆಗೆದರು. "ಇಂಥಾವ ಇಲ್ಲಿದ್ರ ನಾ ಕೂಡಂಗಿಲ್ಲ," ಎಂದರು. ಕುಲ ಕೇಳಬಾರದೆಂಬ ವಚನಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದ ನಾನೇ, ಬಂಧುಗಳೆಲ್ಲರ ಎದುರು, ಮಗನಿಗೆ ಬಾಗಿಲು ತೋರಿಸಿದೆ.

ಈಗ ಅವನು ಓಡಿ ಬಂದ. ಜೊತೆಗೆ ಬೀರಪ್ಪ: ಬಾದಾಮಿ ಕಡೆಯ ಕುರಿ ಸಾಕುವ ಮನೆತನದವನು, ಇಲ್ಲಿ ಸೈಕಲ್ ರಿಪೇರಿ ಮಾಡುತ್ತಾನೆ. ಮಹಾಂತೇಶ ರಕ್ತ ಕೊಡಲು ಒಳಗೆ ಹೋದ. ಗೌರವ್ವ ಕಾಗದಗಳಿಗೆ ಹೆಬ್ಬೆಟ್ಟು ಒತ್ತಲು ಹೋದಳು.

"ಕೊರಳಾಗಿಂದು ತಗೀರಿ, ಲಗೂನ," ಎಂದಳು ನರ್ಸ್.

ಕೊರಳಲ್ಲಿದ್ದುದು ಬೆಳ್ಳಿಯ ಕರಡಿಗೆ. ಅದರೊಳಗೆ ನನ್ನ ಇಷ್ಟಲಿಂಗ. ದೀಕ್ಷೆಯಾದಂದಿನಿಂದ ಅದು ಮೈಬಿಟ್ಟು ಅಗಲಿರಲಿಲ್ಲ. ತೆಗೆಯಲೇಬೇಕಾದರೆ ಲಿಂಗ ಧರಿಸಿದ ಇನ್ನೊಬ್ಬರ ಕೈಗೆ ಕೊಡಬೇಕು, ಮೇಜಿನ ಮೇಲಿಡುವಂತಿಲ್ಲ. ಹತ್ತಿರ ಅಂಥವರು ಯಾರೂ ಇರಲಿಲ್ಲ. ನಾನು ಮುಷ್ಟಿ ಬಿಗಿದೆ.

ಬೀರಪ್ಪ ಹೆಗಲಿನ ಟವೆಲ್ ಹಾಸಿ ಎರಡೂ ಕೈ ಚಾಚಿದ. "ಮಾಸ್ತರ್ರ, ನಾ ಲಿಂಗ ಕಟ್ಟಿದಾಂವ ಅಲ್ರಿ. ಬರಿಗೈಲೆ ಮುಟ್ಟಂಗಿಲ್ಲ. ಒಗದ ಟವೆಲ್ ಐತಿ, ಇದರಾಗ ಹಾಕ್ರಿ."

"ಕೆಳಗ ಇಡಬ್ಯಾಡ."

"ಇಡಂಗಿಲ್ರಿ."

ನಾನು ಅವನೊಡನೆ ಆಡಿದ ಮೊದಲ ಮಾತು ಅದು.

ಎಚ್ಚರವಾದಾಗ ಮೂಗಿನಲ್ಲಿ ನಳಿಕೆ, ಮೇಲೆ ಗಾಜಿನ ಸಲೈನ್ ಬಾಟಲಿ. ಅರ್ಧ ಹೊಟ್ಟೆ ತೆಗೆದಿದ್ದರು. ಕರಡಿಗೆ ಕೊರಳಿಗೆ ಮರಳಿತ್ತು.

ಗೌರವ್ವ ಹೇಳಿದಳು: "ನಾಕು ತಾಸು ಟವೆಲ್ ಹಿಡಕೊಂಡು ನಿಂತಾನ್ರಿ, ನಿಮ್ಮನ್ನ ಹೊರಗ ತಂದ ಮ್ಯಾಲನ ನಿಮ್ಮ ಎದಿಮ್ಯಾಲ ಇಟ್ಟಾನ. ನನಗ ಕೊಡಪಾ ಅಂದ್ರ, ಅವ್ರು ಕೊಟ್ಟಾರ, ಅವ್ರಿಗೇ ಕೊಡ್ತೇನಿ ಅಂತಾನ. ಚಾ ಕುಡಿ ಅಂದೆ, ಕೈ ಖಾಲಿ ಇಲ್ಲವ್ವಾ ಅಂದ. ಕೂಸಿಗೆ ಕುಡಿಸಿದಾಂಗ ನಾನ ಕುಡಿಸಿದೆ."

ಎಂಟನೆಯ ದಿನ ಅಯ್ಯನವರು ಬಂದರು. ಎಲ್ಲವೂ ಅವರಿಗೆ ತಿಳಿದಿತ್ತು.

"ಆ ಲಿಂಗ ಕೆಟ್ಟೈತಿ. ಹೊಳಿಗೆ ಬಿಟ್ಟು ಬಿಡ್ರಿ, ಹೊಸಾದು ಕಟ್ಟತೇನಿ. ಆದ್ರ ಆ ಇಬ್ಬರು ನಿಮ್ಮ ಹೊಸ್ತಿಲಾ ತುಳೀಬಾರದು."

ಹೊಲಿಗೆ ಜಗ್ಗುತ್ತಿತ್ತು. ಸಾವಿನ ಅಂಚಿನಿಂದ ಮರಳಿದವನಿಗೆ ಧೈರ್ಯ ಹೆಚ್ಚುತ್ತದೆ ಎನ್ನುತ್ತಾರೆ. ನನಗೆ ಹೆಚ್ಚಿದ್ದು ನಾಚಿಕೆ.

"ಅಯ್ಯಾರ, ಇದ ಇರ್ಲಿ," ಎಂದೆ.

"ಹಾಂಗಾರ ನಾಳೆ ನೀವು ಸತ್ರ ನಿಮ್ಮ ಮಣ್ಣಿಗೆ ನಾ ಬರಂಗಿಲ್ಲ. ನಿಮ್ಮ ಮಂದೀನೂ ಬರಂಗಿಲ್ಲ."

ಅವರು ಹೋದರು. ನಾನು ಮಗನನ್ನು ಮನೆಗೆ ಕರೆದೆ.

"ಇಬ್ಬರೂ ಬರೂದಾದ್ರ ಬರ್ತೇವ್ರಿ ಅಪ್ಪಾ," ಎಂದ ಮಹಾಂತೇಶ.

"ಹೂಂ" ಎನ್ನಲು ನನಗೆ ಮೂರು ದಿನ ಬೇಕಾಯಿತು. ಅದನ್ನು ಮುಚ್ಚಿಡಲಾರೆ. ಆ ಮೂರು ದಿನವೂ ಬೀರಪ್ಪ ನನ್ನ ಮೈ ಒರೆಸಿದ.

ಹುನಗುಂದದಲ್ಲಿ ಬಸ್ಸಿಳಿದು ಬೀರಪ್ಪನ ಹೆಗಲು ಹಿಡಿದೇ ನಡೆದೆ. ಓಣಿಯಲ್ಲಿ ಕಟ್ಟೆಗಳ ಮೇಲೆ ಜನರಿದ್ದರು. ಹೇಗಿದ್ದೀರೆಂದು ಒಬ್ಬರೂ ಕೇಳಲಿಲ್ಲ. ನನ್ನ ಕೈಕೆಳಗೆ ಕಲಿತವರೂ ಅಲ್ಲಿದ್ದರು.

ಎರಡು ತಿಂಗಳಾಯಿತು. ಗಾಯ ಮಾಗಿದೆ. ತಮ್ಮನ ಮಗಳ ಲಗ್ನಕ್ಕೆ ನಮಗೆ ಕರೆ ಬರಲಿಲ್ಲ. ಗೌರವ್ವ ಅಂದು ಒಲೆ ಹೊತ್ತಿಸಲಿಲ್ಲ. ಪ್ರತಿ ಭಾನುವಾರ ಮಹಾಂತೇಶ, ಬೀರಪ್ಪ ಇಬ್ಬರೂ ಬರುತ್ತಾರೆ. ಅವಳು ನಾಲ್ಕು ತಾಟು ಹಾಕುತ್ತಾಳೆ. ನನ್ನ ಪಾಲು ಹಿಡಿಯಷ್ಟು ಮೆತ್ತನೆಯ ಅನ್ನ, ಬೇಗ ಮುಗಿಯುತ್ತದೆ. ಅವರ ಊಟ ಮುಗಿಯುವವರೆಗೂ ನಾನು ಕೈತೊಳೆಯುವುದಿಲ್ಲ.